ಹಳೆಯ ಸಲೂನನ್ನು ಮೇಲ್ದರ್ಜೆಗೆ ಏರಿಸಲು ಯಾವ ದಾರಿ: ಇರುವಲ್ಲೇ ಬದಲಾವಣೆಯೋ, ಎರಡನೇ ಅಂಗಡಿಯೋ, ಫ್ರಾಂಚೈಸಿಯೋ?

ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿಯಂಥ ಊರುಗಳಲ್ಲಿ ಹದಿನೈದು ಇಪ್ಪತ್ತು ವರ್ಷ ನಡೆದು ಬಂದ ಸಲೂನುಗಳ ಮಾಲೀಕರು ಈಗ ಒಂದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಕಟಿಂಗಿಗೆ 150 ರೂಪಾಯಿ ಕೊಡುವ ಖಾಯಂ ಗಿರಾಕಿಗಳಿದ್ದಾರೆ, ಹೆಸರಿದೆ. ಆದರೆ ಪಕ್ಕದ ರಸ್ತೆಯಲ್ಲಿ ಎಸಿ ಹಾಕಿಸಿದ ಹೊಸ ಅಂಗಡಿ ಅದೇ ಕೆಲಸಕ್ಕೆ 300 ತೆಗೆದುಕೊಳ್ಳುತ್ತಿದೆ, ಗಿರಾಕಿಗಳ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಿದ್ದಾರೆ. ನಾವೂ ಆ ಮಟ್ಟಕ್ಕೆ ಏರಬೇಕು ಎಂದಾಗ ಹೆಚ್ಚಿನವರು ಮೊದಲು ಕರೆಯುವುದು ಇಂಟೀರಿಯರ್‌ನವರನ್ನು. ಕರೆಯಬೇಕಾದದ್ದು ಕೊನೆಯಲ್ಲಿ. ಗಿರಾಕಿ ಹೆಚ್ಚು ಹಣ ಕೊಡುವುದು ಗೋಡೆಗಲ್ಲ, ತನಗೆ ಸಿಗುವ ಸಮಯಕ್ಕೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕಟಿಂಗ್ ಮಾತುಕತೆ, ತಲೆ ತೊಳೆಯುವುದು, ಸ್ಟೈಲಿಂಗ್ ಎಲ್ಲ ಸೇರಿ ನಲವತ್ತೈದು ನಿಮಿಷವಾಗುತ್ತದೆ. ಅಷ್ಟು ಸಮಯ ನಿಮ್ಮ ಅಂಗಡಿಯಲ್ಲಿ ಎಲ್ಲಿದೆ ಎಂಬುದರ ಮೇಲೆಯೇ ದಾರಿಯ ಆಯ್ಕೆ ನಿಂತಿದೆ.

ಮೊದಲು ಒಂದು ತಿಂಗಳ ಲೆಕ್ಕ

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ನಾಲ್ಕು ವಾರ ಪ್ರತಿ ಗಿರಾಕಿಗೂ ಒಂದು ಸಾಲು: ಬಂದ ವೇಳೆ, ಕುರ್ಚಿಗೆ ಕೂತ ವೇಳೆ, ಎದ್ದ ವೇಳೆ, ಮಾಡಿಸಿದ್ದೇನು, ಕೊಟ್ಟದ್ದೆಷ್ಟು, ಯಾವ ಕೆಲಸಗಾರನನ್ನು ಹೆಸರಿಟ್ಟು ಕೇಳಿದರು. ಕಾದು ಬೇಸತ್ತು ವಾಪಸ್ ಹೋದವರನ್ನೂ ಬರೆಯಿರಿ.

ಒಂದು ಕುರ್ಚಿಗೆ ದಿನಕ್ಕೆ ಹತ್ತು ಗಂಟೆ, ಅಂದರೆ 600 ನಿಮಿಷ. 20 ನಿಮಿಷಕ್ಕೆ 150 ರೂಪಾಯಿ ಎಂದರೆ ನಿಮಿಷಕ್ಕೆ ಏಳೂವರೆ ರೂಪಾಯಿ. 45 ನಿಮಿಷದ ಕಟಿಂಗಿನಲ್ಲಿ ಅದೇ ಗಳಿಕೆ ಉಳಿಯಬೇಕಾದರೆ ಸುಮಾರು 340 ರೂಪಾಯಿ ತೆಗೆದುಕೊಳ್ಳಬೇಕು. ಆದರೆ ಈ ಲೆಕ್ಕ ಕುರ್ಚಿ ತುಂಬಿರುವ ದಿನಕ್ಕೆ ಮಾತ್ರ. ಭಾನುವಾರ ಬೆಳಿಗ್ಗೆ ಕುರ್ಚಿ ಖಾಲಿಯೇ ಇರುವುದಿಲ್ಲ, ಬುಧವಾರ ಮಧ್ಯಾಹ್ನ ಐದು ಕುರ್ಚಿಯಲ್ಲಿ ಮೂರು ಖಾಲಿ. ಖಾಲಿ ಕುರ್ಚಿಯಲ್ಲಿ 45 ನಿಮಿಷ ಕೊಟ್ಟರೆ ನಿಮಗೇನೂ ನಷ್ಟವಿಲ್ಲ. ತುಂಬಿದ ಕುರ್ಚಿಯಲ್ಲಿ ಕೊಟ್ಟರೆ ಇಬ್ಬರು ಗಿರಾಕಿಗಳು ಕೈತಪ್ಪುತ್ತಾರೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ನೋಡಬೇಕಾದ ಮೊದಲ ಅಂಕಿ ಇದು: ತಿಂಗಳ ಗಳಿಕೆಯಲ್ಲಿ ಶನಿವಾರ ಸಂಜೆ ಮತ್ತು ಭಾನುವಾರದ ಪಾಲೆಷ್ಟು? ಅರ್ಧಕ್ಕಿಂತ ಹೆಚ್ಚಿದ್ದರೆ ನಿಮ್ಮದು ವೇಗದ ಮೇಲೆ ನಿಂತ ಅಂಗಡಿ. ಅದನ್ನು ಅಲ್ಲೇ ನಿಧಾನ ಮಾಡಿದರೆ ಬೇರಿಗೇ ಪೆಟ್ಟು. ಗಳಿಕೆ ವಾರವಿಡೀ ಹರಡಿದ್ದು, ಕಲರ್, ಫೇಶಿಯಲ್, ಹೆಡ್ ಮಸಾಜ್ ಕೇಳುವವರು ಈಗಾಗಲೇ ಇದ್ದರೆ ಇರುವಲ್ಲೇ ಬದಲಾಯಿಸಬಹುದು.

ಎಷ್ಟು ಗಿರಾಕಿ ಹೋದರೂ ತಡೆಯುತ್ತದೆ?

ಉದಾಹರಣೆಗೆ ಐದು ಕುರ್ಚಿ, ದಿನಕ್ಕೆ ಸರಾಸರಿ 40 ಗಿರಾಕಿ, ತಲೆಗೆ 150 ರೂಪಾಯಿ, ತಿಂಗಳಿಗೆ 26 ದಿನ ಎಂದಿಟ್ಟುಕೊಳ್ಳಿ. ವರ್ಷದ ವಹಿವಾಟು 18.72 ಲಕ್ಷ. ಸಾಮಗ್ರಿಗೆ ತಲೆಗೆ 30 ರೂಪಾಯಿ ಹೋದರೆ ಉಳಿಯುವುದು 120, ದಿನಕ್ಕೆ 4,800. ದರ 250ಕ್ಕೆ ಏರಿಸಿ, ಶಾಂಪೂ, ಟವೆಲ್ ಸೇರಿ ಸಾಮಗ್ರಿ 50 ಆದರೆ ತಲೆಗೆ 200 ಉಳಿಯುತ್ತದೆ. ಅದೇ 4,800ಕ್ಕೆ 24 ಗಿರಾಕಿ ಸಾಕು, ಅಂದರೆ 40ರಲ್ಲಿ 16 ಜನ ಬಿಟ್ಟುಹೋದರೂ ಹಿಂದಿನಷ್ಟೇ ಕೈಗೆ ಬರುತ್ತದೆ. 30 ಜನ ಉಳಿದರೆ ದಿನಕ್ಕೆ 1,200 ಹೆಚ್ಚು, ತಿಂಗಳಿಗೆ 31,200.

ಇಲ್ಲಿಗೇ ಲೆಕ್ಕ ನಿಲ್ಲಿಸಿದವರು ಆಮೇಲೆ ಪೇಚಿಗೆ ಸಿಲುಕುತ್ತಾರೆ. ಯಾಕೆಂದರೆ ವಹಿವಾಟು ಈಗ 23.4 ಲಕ್ಷವಾಯಿತು. ಸೇವೆ ನೀಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಯ ದರ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಆದರೆ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುವುದಿಲ್ಲ. ಎಸಿಗೆ, ಕುರ್ಚಿಗೆ, ಮರಗೆಲಸಕ್ಕೆ ನೀವು ಕೊಟ್ಟ ತೆರಿಗೆಯೆಲ್ಲ ಖರ್ಚಿಗೇ ಸೇರುತ್ತದೆ. 250 ರೂಪಾಯಿಯೊಳಗೇ ತೆರಿಗೆ ಸೇರಿಸಿಕೊಂಡರೆ ವರ್ಷಕ್ಕೆ ಸುಮಾರು 1.11 ಲಕ್ಷ ಹೋಗುತ್ತದೆ.

ಇನ್ನೊಂದು ಹೊರೆ ಬಾಡಿಗೆಯ ಮೇಲಿನದು, ಬಹಳ ಜನರ ಗಮನಕ್ಕೇ ಬಂದಿರುವುದಿಲ್ಲ. 2024ರ ಅಕ್ಟೋಬರ್ 10ರಿಂದ, ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರನಿಗೆ ಇದ್ದರೆ, ವಾಣಿಜ್ಯ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. 25,000 ಬಾಡಿಗೆಗೆ ತಿಂಗಳಿಗೆ 4,500, ವರ್ಷಕ್ಕೆ 54,000. ಎರಡೂ ಸೇರಿ 1.65 ಲಕ್ಷ. ಸಣ್ಣ ವ್ಯಾಪಾರಿಗಳಿಗೆಂದೇ ಜಿಎಸ್‌ಟಿಯಲ್ಲಿರುವ ಸರಳ ತೆರಿಗೆಯ ಕಾಂಪೊಸಿಶನ್ ಯೋಜನೆಯಲ್ಲಿರುವವರಿಗೆ ಬಾಡಿಗೆಯ ಈ ಹೊರೆ ಇಲ್ಲ. ಅವರು 50 ಲಕ್ಷದವರೆಗಿನ ವಹಿವಾಟಿಗೆ ಶೇ 6 ಕಟ್ಟುತ್ತಾರೆ, ಗಿರಾಕಿಯಿಂದ ತೆರಿಗೆ ಅಂತ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 1.40 ಲಕ್ಷ. ಕಟ್ಟಡದ ಮಾಲೀಕರು ನೋಂದಾಯಿತರಲ್ಲದಿದ್ದರೆ ಕಾಂಪೊಸಿಶನ್ ಅಗ್ಗ, ಅವರೇ ನೋಂದಾಯಿತರಾಗಿದ್ದು ಬಾಡಿಗೆಯ ಮೇಲೆ ತೆರಿಗೆ ಹಾಕುತ್ತಿದ್ದರೆ ಶೇ 5ರ ದಾರಿ ಅಗ್ಗ. ದರಪಟ್ಟಿ ಮುದ್ರಿಸುವ ಮೊದಲೇ ಬಾಡಿಗೆ ಕರಾರು ಹಿಡಿದು ಆಡಿಟರ್ ಹತ್ತಿರ ಹೋಗಿ.

ಈಗ ಉಳಿದದ್ದೆಷ್ಟು ನೋಡಿ. ತಿಂಗಳಿಗೆ 31,200 ಹೆಚ್ಚುವರಿಯಲ್ಲಿ ತೆರಿಗೆಗೆ 11,700ರಿಂದ 13,800 ಹೋದರೆ ಕೈಯಲ್ಲಿ 17ರಿಂದ 19 ಸಾವಿರ. ಐದು ಲಕ್ಷದ ಸಾಲಕ್ಕೆ ಶೇ 11 ಬಡ್ಡಿಯಲ್ಲಿ ಮೂರು ವರ್ಷದ ಕಂತು ಸುಮಾರು 16,400. ಉಳಿದದ್ದು ಎಸಿಯ ಕರೆಂಟ್ ಬಿಲ್ಲಿಗೂ ಸಾಲದು. ಅಂದರೆ ಇಂಥ ಅಂಗಡಿಯಲ್ಲಿ ಬರೀ ಕಟಿಂಗ್ ದರ ಏರಿಸಿ ಐದು ಲಕ್ಷದ ಕೆಲಸವನ್ನು ತೀರಿಸಲಾಗದು. ಕಲರ್, ಸ್ಪಾ, ಸ್ಮೂದ್‌ನಿಂಗ್, ಮದುಮಗನ ಪ್ಯಾಕೇಜ್ ಇವುಗಳಿಂದ ಹಣ ಬರಲೇಬೇಕು. ಅವನ್ನು ಮಾಡುವ ಕೈಗಳು ಈಗ ನಿಮ್ಮಲ್ಲಿ ಇಲ್ಲದಿದ್ದರೆ ಮೊದಲ ಖರ್ಚು ತರಬೇತಿಗೆ ಹೋಗಬೇಕು.

ಇರುವಲ್ಲೇ, ಅಂಗಡಿ ನಡೆಸುತ್ತಲೇ ಹಂತ ಹಂತವಾಗಿ

ಹೆಚ್ಚಿನ ಹಳೆಯ ಅಂಗಡಿಗಳಿಗೆ ನಮ್ಮ ಸಲಹೆ ಇದೇ. ಸಾಲ ಕಡಿಮೆ, ಗಿರಾಕಿ ಒಂದೇ ಸಲ ಬೆದರುವುದಿಲ್ಲ, ತಪ್ಪಿದರೆ ಹಿಂದೆ ಸರಿಯಬಹುದು. ಕ್ರಮ ಮಾತ್ರ ತಪ್ಪಬಾರದು: ಕೈ, ನೀರು, ಕರೆಂಟ್, ಬೆಳಕು, ದರ, ಕೊನೆಗೆ ಅಲಂಕಾರ ಮತ್ತು ಬೋರ್ಡ್.

ಕೈ ಎಂದರೆ ಕೆಲಸಗಾರರು. ಹಳೆಯ ಸಲೂನಿನಲ್ಲಿ ಕೆಲಸಗಾರ ಪಾಲಿಗೆ ದುಡಿಯುತ್ತಾನೆ, ಪ್ರತಿ ತಲೆಗೂ ಅರ್ಧದಷ್ಟು ಅವನದು. ಪಾಲಿನ ಪದ್ಧತಿಯಲ್ಲಿ ವೇಗವೇ ಲಾಭ. ನೀವು 45 ನಿಮಿಷ ಕೊಡು ಎಂದರೂ ಅವನು 20ರಲ್ಲೇ ಮುಗಿಸುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ನಿಗದಿತ ಸಂಬಳ, ಅದರ ಮೂರು ಪಟ್ಟು ಕೆಲಸ ದಾಟಿದ ಮೇಲೆ ಇನ್ಸೆಂಟಿವ್ ಎಂಬ ಪದ್ಧತಿಗೆ ಮೊದಲು ಬನ್ನಿ. ಬದಲಾವಣೆಯ ಮೊದಲ ಮೂರು ತಿಂಗಳು ಹಳೆಯ ಪಾಲಿನ ಸರಾಸರಿಗಿಂತ ಕಡಿಮೆ ಬರುವುದಿಲ್ಲ ಎಂಬ ಖಾತರಿ ಕೊಡದಿದ್ದರೆ ಗಿರಾಕಿಗಳು ಹೆಸರಿಟ್ಟು ಕೇಳುವ ಹಿರಿಯ ಕೆಲಸಗಾರನೇ ಮೊದಲು ಬಿಟ್ಟುಹೋಗುತ್ತಾನೆ, ಅವರೂ ಅವನ ಹಿಂದೆಯೇ ಹೋಗುತ್ತಾರೆ.

ಕಲರ್ ಕೆಲಸ ಶುರುಮಾಡುವವರು ಗ್ರಾಂ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇಡಲೇಬೇಕು. ಕಣ್ಣಂದಾಜಿನಲ್ಲಿ ಬೆರೆಸಿದರೆ ಟ್ಯೂಬೂ ಹಾಳು, ಮುಂದಿನ ಸಲ ಅದೇ ಬಣ್ಣವೂ ಬರುವುದಿಲ್ಲ. ಬಣ್ಣಕ್ಕೆ ಬೆರೆಸುವ ದ್ರಾವಣವಾದ ಡೆವಲಪರ್ 10, 20, 30, 40 ವಾಲ್ಯೂಮ್ ಎಂದರೆ ಕ್ರಮವಾಗಿ ಶೇ 3, 6, 9, 12 ಹೈಡ್ರೋಜನ್ ಪೆರಾಕ್ಸೈಡ್. ಬಿಳಿಕೂದಲು ಮುಚ್ಚಲು ಸಾಮಾನ್ಯವಾಗಿ 20 ಸಾಕು. ಬೇಗ ಬಣ್ಣ ಏರಲಿ ಎಂದು 40 ಹಾಕುವುದೇ ನೆತ್ತಿ ಉರಿ, ಕೂದಲು ತುಂಡಾಗುವುದಕ್ಕೆ ದೊಡ್ಡ ಕಾರಣ. ನಮ್ಮಲ್ಲಿ ಕಪ್ಪು ಮೆಹಂದಿ ಪುಡಿ ಹಚ್ಚಿಕೊಂಡು ಬರುವವರು ಬಹಳ. ಅದರಲ್ಲಿ ಅಲರ್ಜಿ ತರಬಲ್ಲ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇರುವುದೇ ಹೆಚ್ಚು, ಮೇಲೆ ಬೇರೆ ಬಣ್ಣ ಹಾಕಿದರೆ ಏನು ಬರುತ್ತದೆಂದು ಹೇಳಲಾಗದು. ಮೊದಲು ಒಂದು ಎಳೆ ಕೂದಲಿನ ಮೇಲೆ ಪರೀಕ್ಷಿಸಿ, ಕಿವಿಯ ಹಿಂದೆ ಹಚ್ಚಿ 48 ಗಂಟೆ ಬಿಟ್ಟು ಅಲರ್ಜಿ ನೋಡಿ. ಅವಸರದ ಗಿರಾಕಿಗೆ ಇವತ್ತು ಬೇಡ ಎನ್ನುವ ಧೈರ್ಯ ಮೇಲ್ದರ್ಜೆಯ ಅಂಗಡಿಗೆ ಬೇಕೇ ಬೇಕು.

ನೀರಿನ ವಿಷಯ ಬಯಲುಸೀಮೆಯಲ್ಲಿ ಹಗುರವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹ್ಯ. ಬೋರ್‌ವೆಲ್ ನೀರು ಇದರಲ್ಲಿ ಮೇಲಿನ ತುದಿಗೆ ಹತ್ತಿರವಿದ್ದರೆ ಶಾಂಪೂ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಬಣ್ಣ ಮಂಕಾಗುತ್ತದೆ, ಗೀಸರಿನ ಕಾಯ್ಲ್‌ಗೆ ಬಿಳಿ ಪೊರೆ ಕಟ್ಟುತ್ತದೆ. ಇದಕ್ಕೆ ಬೇಕಾದದ್ದು ಆರ್‌ಒ ಅಲ್ಲ, ಉಪ್ಪಿನಿಂದ ಮರುಚೇತನಗೊಳಿಸುವ ರೆಸಿನ್ ಸಾಫ್ಟ್‌ನರ್. ತಲೆಗೆ 12ರಿಂದ 15 ಲೀಟರ್ ಹಿಡಿದರೂ ದಿನಕ್ಕೆ 20 ತಲೆಗೆ 300 ಲೀಟರ್ ಮೀರದು. ಸಾಫ್ಟ್‌ನರನ್ನು ತಲೆ ತೊಳೆಯುವ ಲೈನಿಗೆ ಮಾತ್ರ ಜೋಡಿಸಿದರೆ ಚಿಕ್ಕದೇ ಸಾಕು. ಉಪ್ಪು ಹಾಕುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮರೆತರೆ ಯಂತ್ರ ಇದ್ದೂ ಇಲ್ಲದಂತೆ.

ತಲೆ ತೊಳೆಯುವ ಶಾಂಪೂ ಯೂನಿಟ್ ಕೊಳ್ಳುವ ಮೊದಲು ಎರಡು ವಿಷಯ ಅಳೆಯಿರಿ. ಒಂದು ಒತ್ತಡ: ಟ್ಯಾಂಕ್ ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್, ಎರಡೇ ಮೀಟರ್ ಮೇಲಿದ್ದರೆ 0.2 ಬಾರ್. ಅಷ್ಟರಲ್ಲಿ ಶಾಂಪೂ ತೊಳೆದುಹೋಗುವುದಿಲ್ಲ, ಸಣ್ಣ ಪ್ರೆಶರ್ ಪಂಪ್ ಬೇಕು. ಎರಡನೆಯದು ಚರಂಡಿ: ಎರಡು ಇಂಚಿನ ಪೈಪು, ಅಡಿಗೆ ಕಾಲು ಇಂಚು ಇಳಿಜಾರು, ಕೂದಲು ಹಿಡಿಯುವ ಜಾಲರಿ. ನೆಲ ಒಡೆಯಲು ಕಟ್ಟಡದವರು ಒಪ್ಪದಿದ್ದರೆ ಯೂನಿಟ್ಟನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಬೇಕಾಗುತ್ತದೆ, ವಯಸ್ಸಾದವರಿಗೆ ಹತ್ತಲು ಕಷ್ಟ. 15 ಲೀಟರ್ ಗೀಸರಿನ ಬಿಸಿನೀರಿಗೆ ತಣ್ಣೀರು ಬೆರೆತರೆ ಸುಮಾರು 40 ಲೀಟರ್ ಬೆಚ್ಚನೆ ನೀರು, ಮೂರು ತಲೆಗೆ ಸಾಕು. ಮತ್ತೆ ಕಾಯಲು ಎರಡು ಕಿಲೋವಾಟ್ ಗೀಸರಿಗೆ ಇಪ್ಪತ್ತು ನಿಮಿಷ ಬೇಕು. ಎರಡು ಯೂನಿಟ್ ಹಾಕುವವರು 25 ಲೀಟರಿನದು ತೆಗೆದುಕೊಳ್ಳಿ.

ಕರೆಂಟ್: ಒಂದೂವರೆ ಟನ್ನಿನ ಎರಡು ಎಸಿ, ಗೀಸರ್, ಏಕಕಾಲಕ್ಕೆ ಓಡುವ ಎರಡು ಮೂರು ಡ್ರೈಯರ್ ಸೇರಿದರೆ ಹತ್ತು ಕಿಲೋವಾಟ್ ಹತ್ತಿರ. ಹಳೆಯ ಅಂಗಡಿಗೆ ಮಂಜೂರಾದ ಲೋಡ್ ಎರಡೋ ಮೂರೋ ಇರುತ್ತದೆ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದಿದ್ದರೂ ಲೋಡ್ ಹೆಚ್ಚಿಸಲು ಮೀಟರ್ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕು. ಎಸಿ ತಂದಿಟ್ಟುಕೊಂಡು ಅರ್ಜಿ ಹಾಕಬೇಡಿ. ಇನ್ನು, ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಕೆಲವು ಸ್ಮೂದ್‌ನಿಂಗ್, ಕೆರಟಿನ್ ದ್ರಾವಣಗಳು ಐರನ್ ಮಾಡುವಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಎಕ್ಸಾಸ್ಟ್ ಇಲ್ಲದ ಎಸಿ ಕೋಣೆಯಲ್ಲಿ ದಿನವಿಡೀ ಅದನ್ನು ಉಸಿರಾಡುವವರು ನಿಮ್ಮ ಕೆಲಸಗಾರರು. ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಆ ಸೇವೆಯನ್ನು ಪಟ್ಟಿಗೆ ಸೇರಿಸಲೇಬೇಡಿ.

ಬೆಳಕಿನಲ್ಲಿ ಹಳದಿ ಎಲ್‌ಇಡಿ ಚೆಂದ ಕಾಣುತ್ತದೆ, ಆದರೆ ಅದರ ಕೆಳಗೆ ಹಾಕಿದ ಬಣ್ಣ ಬಿಸಿಲಿಗೆ ಹೋದಾಗ ಬೇರೆಯೇ ಆಗಿರುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆ) 90 ಮೇಲಿರುವ ಬೆಳಕನ್ನು ಕನ್ನಡಿಯ ಎರಡೂ ಬದಿಗೆ ಹಾಕಿ. ನೆತ್ತಿಯ ಮೇಲಿನ ಸ್ಪಾಟ್ ಲೈಟ್ ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ. ಕುರ್ಚಿಯ ನಡುವಿನಿಂದ ಇನ್ನೊಂದು ಕುರ್ಚಿಯ ನಡುವಿಗೆ ಐದು ಅಡಿ ಬೇಕು. ಐದು ಕುರ್ಚಿಯ ಜಾಗದಲ್ಲಿ ನಾಲ್ಕನ್ನೇ ಇಟ್ಟರೆ ಸಿಗುವ ನೆಮ್ಮದಿ ಯಾವ ಇಂಟೀರಿಯರೂ ಕೊಡದು.

ಶುಚಿತ್ವದಲ್ಲಿ ನೀಲಿ ಬೆಳಕಿನ ಯುವಿ ಪೆಟ್ಟಿಗೆಯನ್ನು ನಂಬಿ ಕೂರಬೇಡಿ. ಬೆಳಕು ತಾಗದ ಬದಿಯಲ್ಲಿ ಅದು ಏನೂ ಮಾಡುವುದಿಲ್ಲ. ಬಾಚಣಿಗೆ, ಕತ್ತರಿಯನ್ನು ಸೋಪಿನಲ್ಲಿ ತೊಳೆದು ಸೋಂಕುನಿವಾರಕ ದ್ರಾವಣದಲ್ಲಿ ಲೇಬಲ್ ಹೇಳಿದಷ್ಟು ಹೊತ್ತು ಮುಳುಗಿಸಿ, ಒಣಗಿದ ಮೇಲೆ ಪೆಟ್ಟಿಗೆಯಲ್ಲಿಡಿ. ಟವೆಲ್ಲಿನ ಲೆಕ್ಕ: ದಿನಕ್ಕೆ 20 ಗಿರಾಕಿ, ತಲೆಗೆ ಎರಡು, ಬಳಕೆಗೊಂದು ಒಗೆತಕ್ಕೊಂದು ಒಣಗಲೊಂದು ಎಂದು ಮೂರು ಸುತ್ತು, ಒಟ್ಟು 120. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಇದು ಸಾಲದು, ಅರ್ಧ ಒಣಗಿದ ಟವೆಲ್ಲಿನ ವಾಸನೆಯೊಂದೇ ಸಾಕು ಹೆಸರು ಕೆಡಲು. ಬಳಸಿ ಎಸೆಯುವ ಟವೆಲ್ ಇಡಿ.

ಅಂಗಡಿ ಮುಚ್ಚಿ ಒಮ್ಮೆಗೇ ಪೂರ್ತಿ ಬದಲಿಸುವುದು

ಕಟ್ಟಡ ಸ್ವಂತದ್ದಾಗಿದ್ದು, ನೆಲ, ಚರಂಡಿ, ವೈರಿಂಗ್ ಎಲ್ಲ ಹೇಗೂ ಒಡೆಯಲೇಬೇಕಾಗಿದ್ದರೆ ಇದು ಸರಿ. ಬಾಡಿಗೆ ಕಟ್ಟಡವಾದರೆ 11 ತಿಂಗಳ ಕರಾರಿನ ಮೇಲೆ ಲಕ್ಷಗಟ್ಟಲೆ ಸುರಿಯಬೇಡಿ. ಕನಿಷ್ಠ ಐದು ವರ್ಷದ ಕರಾರು ಮಾಡಿಸಿ, ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಲೇಬೇಕು. ಮೂರ್ನಾಲ್ಕು ವಾರ ಬಾಗಿಲು ಮುಚ್ಚುವ ಹೊತ್ತು ಆಷಾಢ. ಮದುವೆಗಳಿಲ್ಲ, ನಷ್ಟ ಕಡಿಮೆ, ಶ್ರಾವಣದ ಮದುವೆಗಳಿಗೆ ಅಂಗಡಿ ಸಿದ್ಧ. ಮುಚ್ಚಿದ ಬಾಗಿಲಿಗೆ ತೆರೆಯುವ ದಿನಾಂಕ ಮತ್ತು ಫೋನ್ ನಂಬರ್ ಬರೆದು ಹಾಕಿ. ನಾಲ್ಕು ವಾರದಲ್ಲಿ ಪ್ರತಿ ಗಿರಾಕಿಯೂ ಒಮ್ಮೆ ಬೇರೆ ಕಡೆ ಕೂತಿರುತ್ತಾನೆ, ಅವನನ್ನು ಕರೆದು ತರುವುದು ನಿಮ್ಮ ಕೆಲಸ.

ಹಳೆಯದು ಹಾಗೇ ಇರಲಿ, ಬೇರೆ ಬಡಾವಣೆಯಲ್ಲಿ ಹೊಸದು

ಭಾನುವಾರದ ಮೇಲೆ ನಿಂತ ಅಂಗಡಿಗೆ ಇದೇ ಸರಿಯಾದ ದಾರಿ. ಹಳೆಯದರ ವೇಗದ ಗಳಿಕೆ ಹೊಸದರ ಬಾಡಿಗೆಯನ್ನು ಹೊರುತ್ತದೆ. ಹೆಂಗಸರ ಸೇವೆ ಸೇರಿಸಬೇಕೆಂದಿದ್ದರೂ ಹೊಸ ಜಾಗವೇ ಒಳ್ಳೆಯದು. ಗಂಡಸರ ಹಳೆಯ ಸಲೂನಿಗೆ ಯೂನಿಸೆಕ್ಸ್ ಎಂದು ಬೋರ್ಡ್ ಬದಲಿಸಿದ ಮಾತ್ರಕ್ಕೆ ಹೆಂಗಸರು ಬರುವುದಿಲ್ಲ. ಬೇರೆ ಕೋಣೆ, ಹೊರಗಿನಿಂದ ಕಾಣದ ಗಾಜು, ಶುಚಿಯಾದ ಶೌಚಾಲಯ, ಹೆಣ್ಣು ಕೆಲಸಗಾರರು ಬೇಕು.

ಇಲ್ಲಿ ಎಡವುವುದು ಎರಡು ಕಡೆ. ಹಳೆಯ ಅಂಗಡಿಯ ಒಳ್ಳೆಯ ಕೈಗಳನ್ನೆಲ್ಲ ಹೊಸದಕ್ಕೆ ಕಳಿಸಿದರೆ ಅನ್ನ ಹಾಕುತ್ತಿದ್ದ ಅಂಗಡಿ ಮೊದಲು ಸೊರಗುತ್ತದೆ. ಒಬ್ಬನನ್ನು ಮಾತ್ರ ಕಳಿಸಿ, ಉಳಿದವರನ್ನು ಹೊಸದಾಗಿ ತೆಗೆದುಕೊಳ್ಳಿ. ಎರಡನೆಯದು, ಒಂದೇ ಪ್ಯಾನ್ ಮೇಲಿನ ಎರಡೂ ಅಂಗಡಿಗಳ ವಹಿವಾಟು ಕೂಡಿಯೇ ಜಿಎಸ್‌ಟಿಯ 20 ಲಕ್ಷದ ಮಿತಿ ಲೆಕ್ಕವಾಗುತ್ತದೆ. ಹೊಸದು ಕಾಲೂರುವ ಮೊದಲೇ ಹಳೆಯದಕ್ಕೂ ತೆರಿಗೆ ಬಂತು ಎಂದಾಗಬಾರದು. ಆರು ತಿಂಗಳ ಬಾಡಿಗೆ, ಸಂಬಳ ಕೈಯಲ್ಲಿಲ್ಲದೆ ಈ ದಾರಿ ಹಿಡಿಯಬೇಡಿ.

ಫ್ರಾಂಚೈಸಿ

ಚೆನ್ನೈ ಮೂಲದ ನ್ಯಾಚುರಲ್ಸ್, ಗ್ರೀನ್ ಟ್ರೆಂಡ್ಸ್‌ನಂಥ ಸರಣಿಗಳು ಕರ್ನಾಟಕದಲ್ಲೂ ಪರಿಚಿತ. ಫ್ರಾಂಚೈಸಿಯಲ್ಲಿ ಸಿದ್ಧ ವಿನ್ಯಾಸ, ತರಬೇತಿ, ಹೆಸರು ಸಿಗುತ್ತದೆ. ಜಾಗ ಮತ್ತು ಬಂಡವಾಳ ಇದ್ದು ಸ್ವಂತ ಹೆಸರಿಲ್ಲದವರಿಗೆ ಇದು ಹೊಂದುತ್ತದೆ. ಇಪ್ಪತ್ತು ವರ್ಷ ಹೆಸರು ಕಟ್ಟಿಕೊಂಡವರು ಆ ಹೆಸರನ್ನೇ ಇಳಿಸಿ ಬೇರೆಯವರ ಬೋರ್ಡ್ ಏರಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕರಾರು ಮುಗಿದ ದಿನ ಗಿರಾಕಿ ಯಾರವನು ಎಂಬ ಪ್ರಶ್ನೆ ಏಳುತ್ತದೆ.

ಆದರೂ ಹೋಗುವುದಾದರೆ ಕೇಳಿ: ರಾಯಲ್ಟಿ ವಹಿವಾಟಿನ ಮೇಲೋ ಲಾಭದ ಮೇಲೋ? ಸಾಮಾನ್ಯವಾಗಿ ವಹಿವಾಟಿನ ಮೇಲೆ, ಅಂದರೆ ನಷ್ಟದ ತಿಂಗಳೂ ಕೊಡಬೇಕು. ತಿಂಗಳಿಗೆ ನಾಲ್ಕು ಲಕ್ಷ ವಹಿವಾಟು, ಶೇ 10 ರಾಯಲ್ಟಿ ಎಂದಿಟ್ಟುಕೊಂಡರೆ 40,000. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 47,200, ಜಮೆ ಸಿಗದ ಕಾರಣ ಪೂರ್ತಿ ನಿಮ್ಮ ಖರ್ಚು. ಸಾಮಗ್ರಿಯನ್ನು ಅವರಿಂದಲೇ ಕೊಳ್ಳಬೇಕೇ, ಎಷ್ಟು ದೂರದೊಳಗೆ ಇನ್ನೊಂದು ಶಾಖೆ ಕೊಡುವುದಿಲ್ಲ, ಮಧ್ಯದಲ್ಲಿ ಬಿಟ್ಟರೆ ಕಟ್ಟಿದ ಶುಲ್ಕದಲ್ಲಿ ಎಷ್ಟು ವಾಪಸ್, ಗಿರಾಕಿಗಳ ಫೋನ್ ನಂಬರಿನ ಪಟ್ಟಿ ಯಾರದ್ದು ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಎರಡು ವರ್ಷಕ್ಕಿಂತ ಹೆಚ್ಚು ನಡೆಸಿದ ಇಬ್ಬರು ಫ್ರಾಂಚೈಸಿಗಳನ್ನು ನೀವೇ ಹುಡುಕಿ ಮಾತಾಡಿಸಿ. ಕಂಪನಿಯವರು ತೋರಿಸಿದವರನ್ನಲ್ಲ.

ದರ, ವಾರ, ಹಂಗಾಮು, ಹಣ

ದರ ಏರಿಸುವ ತಿಂಗಳು ನವೆಂಬರ್ ಆಗದಿರಲಿ. ಶಬರಿಮಲೆ ಮಾಲೆ ಹಾಕಿದವರು ಯಾತ್ರೆ ಮುಗಿಯುವವರೆಗೂ ಕತ್ತರಿ ಮುಟ್ಟಿಸುವುದಿಲ್ಲ, ಧನುರ್ಮಾಸದಲ್ಲಿ ಮದುವೆಯಿಲ್ಲ. ಆ ಇಳಿತವನ್ನು ದರದ ತಲೆಗೆ ಕಟ್ಟಿ ಹೆದರಿ ದರ ಇಳಿಸಿದವರಿದ್ದಾರೆ. ಫೆಬ್ರುವರಿ ಇಲ್ಲವೇ ದಸರೆಗೆ ಮುಂಚಿನ ವಾರ ಒಳ್ಳೆಯದು. ಹಿರಿಯ ಗಿರಾಕಿಗಳಿಗೆ ಮುಖ ನೋಡಿ ರಿಯಾಯಿತಿ ಕೊಟ್ಟರೆ ದರಪಟ್ಟಿಗೆ ಬೆಲೆಯಿರುವುದಿಲ್ಲ. ಬದಲಿಗೆ ಬುಧವಾರ, ಗುರುವಾರ ಬೆಳಿಗ್ಗೆ ಹನ್ನೊಂದರವರೆಗೆ ಸರಳ ಕಟಿಂಗ್ ಹಳೆಯ ದರದಲ್ಲಿ ಎಂದು ಎಲ್ಲರಿಗೂ ಬರೆದು ಹಾಕಿ. ಹಿರಿಯರು ಆ ಹೊತ್ತಿಗೇ ಬರುತ್ತಾರೆ, ಕುರ್ಚಿಯೂ ಆಗ ಖಾಲಿ.

ಅನೇಕ ಊರುಗಳಲ್ಲಿ ಸವಿತಾ ಸಮಾಜದ ಸಂಘ ದರಪಟ್ಟಿ ಮತ್ತು ಮಂಗಳವಾರದ ರಜೆಯನ್ನು ನಿಗದಿ ಮಾಡಿರುತ್ತದೆ. ಸಂಘದ ದರಕ್ಕಿಂತ ಮೇಲೆ ಹೋಗಲು ತಕರಾರು ಬರುವುದು ಅಪರೂಪ, ಮಂಗಳವಾರ ತೆರೆದರೆ ಬರುತ್ತದೆ. ಆ ದಿನ ಕ್ಷೌರ ಮಾಡಿಸಿಕೊಳ್ಳದವರೇ ಹೆಚ್ಚಿರುವ ಊರಿನಲ್ಲಿ ತೆರೆದು ಗಳಿಸುವುದೂ ಅಷ್ಟಕ್ಕಷ್ಟೆ. ಆ ದಿನವನ್ನು ತರಬೇತಿಗೆ ಇಟ್ಟುಕೊಳ್ಳಿ.

ಹಣಕ್ಕೆ: 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕ್ಷೌರವೂ ಒಂದು. ಅಡಮಾನವಿಲ್ಲದೆ ಶೇ 5 ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ಸರಿಯಾಗಿ ತೀರಿಸಿದ ಮೇಲೆ 2 ಲಕ್ಷ, ಸಲಕರಣೆಗೆ 15,000 ರೂಪಾಯಿ ನೆರವು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಮೊದಲ ಲಕ್ಷ ತರಬೇತಿಗೂ ನೀರಿನ ವ್ಯವಸ್ಥೆಗೂ ಸರಿಹೋಗುತ್ತದೆ. ಹಂತ ಹಂತದ ದಾರಿಗೆ ಈ ಸಾಲ ಅಳತೆ ಮಾಡಿಸಿದಂತೆ ಹೊಂದುತ್ತದೆ. ಅದಕ್ಕಿಂತ ದೊಡ್ಡ ಮೊತ್ತಕ್ಕೆ ಮುದ್ರಾ ಸಾಲದಲ್ಲಿ ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ.

ಹೊಸ ಬೋರ್ಡ್ ಬರೆಸುವಾಗ ಶೇ 60 ಭಾಗ ಕನ್ನಡವಿರಬೇಕೆಂಬ 2024ರ ಕಾನೂನು ನೆನಪಿರಲಿ, ಚೆಂದದ ಇಂಗ್ಲಿಷ್ ಅಕ್ಷರದ ವಿನ್ಯಾಸ ಒಪ್ಪಿ ಹಣ ಕೊಟ್ಟ ಮೇಲೆ ತಿದ್ದಿಸುವುದು ದುಬಾರಿ. ಹೆಸರಿಗೆ ಏನೇ ಸೇರಿಸಿದರೂ ಹಳೆಯ ಹೆಸರಿನ ಮೊದಲ ಪದ ಉಳಿಸಿಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ಹೊಸ ಪುಟ ತೆರೆಯದೆ ಇರುವುದರಲ್ಲೇ ಹೆಸರು, ಫೋಟೊ, ದರ ತಿದ್ದಿ. ಹೊಸದು ತೆರೆದರೆ ಇಷ್ಟು ವರ್ಷದ ರಿವ್ಯೂಗಳು ಹಳೆಯ ಪುಟದಲ್ಲೇ ಉಳಿದುಹೋಗುತ್ತವೆ. ಫೋನ್ ನಂಬರನ್ನಂತೂ ಯಾವ ಕಾರಣಕ್ಕೂ ಬದಲಿಸಬೇಡಿ.